ವಂಶಾವಳಿಯೂ ಮನೆಯ ದಿನಚರಿಯೂ

ಶ್ರಾದ್ಧದ ದಿನ ಕರ್ತೃವು ಮೂರು ತಲೆಗಳ ಹೆಸರನ್ನು ಉಚ್ಚರಿಸುತ್ತಾನೆ. ತಂದೆಯನ್ನು ವಸುರೂಪನೆಂದೂ, ತಾತನನ್ನು ರುದ್ರರೂಪನೆಂದೂ, ಮುತ್ತಾತನನ್ನು ಆದಿತ್ಯರೂಪನೆಂದೂ ಭಾವಿಸಿ ಪಿಂಡವನ್ನಿಡುತ್ತಾನೆ. ಅದಕ್ಕೂ ಹಿಂದಿನವರಿಗೆ ಹೆಸರಿಲ್ಲ. ಪಿಂಡವನ್ನಿಟ್ಟ ಕೈಗೆ ಅಂಟಿಕೊಂಡ ಲೇಪವಷ್ಟೇ ಅವರ ಪಾಲು. ಅವರನ್ನು ಲೇಪಭಾಜಿಗಳೆಂದು ಶಾಸ್ತ್ರವು ಕರೆಯುತ್ತದೆ. ಇದು ವಿಧಿಯಾಗಿ ಹೇಳಿದ ಮಾತಾದರೂ, ಮನುಷ್ಯರ ನೆನಪಿನ ಅಳತೆಯೂ ಹೆಚ್ಚುಕಡಮೆ ಇಷ್ಟೇ ಎಂಬುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ಶ್ರಾದ್ಧಕರ್ಮವಿಲ್ಲದ ಮನೆಗಳಲ್ಲಿಯೂ ಸಂಗತಿ ಬೇರೆಯಲ್ಲ. ತಾತನ ಮಾತು ನಡೆಗಳು ಮೊಮ್ಮಗನಿಗೆ ಗೊತ್ತು. ಮುತ್ತಾತನ ಹೆಸರು ಮಾತ್ರ ಗೊತ್ತು. ಅವನ ತಂದೆಯ ವಿಷಯ ಕೇಳಿದರೆ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ.

ಈ ಮರೆವನ್ನು ತಡೆಯಲು ಹಿಂದಿನವರು ನಾಲ್ಕು ಉಪಾಯಗಳನ್ನು ಕಂಡುಕೊಂಡರು. ಅರಸರು ಕಲ್ಲಿನಲ್ಲಿ ಕೆತ್ತಿಸಿದರು. ಆಸ್ಥಾನದ ಪಂಡಿತರಿಂದ ವಂಶಾವಳಿಯನ್ನು ಬರೆಯಿಸಿದರು. ಒಕ್ಕಲು ಮಕ್ಕಳು ಕುಲದ ಕಥೆಯನ್ನು ಬಾಯಲ್ಲಿ ಹೇಳುವವರನ್ನು ಸಾಕಿದರು. ಎಲ್ಲೋ ಕೆಲವರು ಮಾತ್ರ ಕಂಡದ್ದನ್ನೂ ಕೇಳಿದ್ದನ್ನೂ ತಾವೇ ಕಡತದಲ್ಲಿ ಬರೆದಿಟ್ಟರು. ಗುಂಡ್ಲುಪೇಟೆ ಚಾಮರಾಜನಗರಗಳ ಸೀಮೆ ಚಿಕ್ಕದಾದರೂ ಈ ನಾಲ್ಕು ಬಗೆಗೂ ಅಲ್ಲಿ, ಇಲ್ಲವೆ ಅದರ ನೆರೆಯಲ್ಲಿ, ಉದಾಹರಣೆಗಳು ದೊರೆಯುತ್ತವೆ. ಇವುಗಳಲ್ಲಿ ಯಾವುದು ಎಷ್ಟು ಸತ್ಯವನ್ನು ಉಳಿಸಿತು, ಯಾವುದು ಯಾರನ್ನು ಬಿಟ್ಟಿತು ಎಂಬುದನ್ನು ತೂಗಿ ನೋಡಿದರೆ, ಇಂದಿನ ಗೃಹಸ್ಥನು ತನ್ನ ಮನೆತನದ ಚರಿತ್ರೆಗಾಗಿ ಏನು ಮಾಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಕಲ್ಲಿನ ಮಾತು. ಗುಂಡ್ಲುಪೇಟೆಯ ಪೂರ್ವದ ಹೆಸರು ವಿಜಯಪುರ. ಊರಿನ ವಿಜಯನಾರಾಯಣಸ್ವಾಮಿಯ ಗುಡಿ ಆ ಹೆಸರನ್ನು ಇಂದಿಗೂ ನೆನಪಿಗೆ ತರುತ್ತದೆ. ಊರಿನ ಪಕ್ಕದ ಗುಂಡ್ಲು ಹೊಳೆಗೆ ಸಂಸ್ಕೃತದಲ್ಲಿ ಕೌಂಡಿನೀ ಎಂದು ಹೆಸರು. ೧೬೭೩ರಿಂದ ೧೭೦೪ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ತಮ್ಮ ತಂದೆ ದೊಡ್ಡದೇವರಾಜರ ಶ್ರೇಯಸ್ಸಿಗಾಗಿ ಈ ಊರಿನಲ್ಲಿ ಪರವಾಸುದೇವರ ಗುಡಿಯನ್ನು ಕಟ್ಟಿಸಿದರು. ಮಗನು ತಂದೆಗೆ ಸಲ್ಲಿಸಬಹುದಾದ ಕಾಣಿಕೆಗಳಲ್ಲಿ ಇದಕ್ಕಿಂತ ದೊಡ್ಡದು ಆ ಕಾಲಕ್ಕೆ ಇರಲಿಲ್ಲ. ಆದರೂ ಕಾಲಕ್ರಮದಲ್ಲಿ ಆ ಗುಡಿ ಜೀರ್ಣವಾಯಿತು. ಕಲ್ಲು ಬಹುಕಾಲ ಬಾಳುವ ವಸ್ತುವೇನೋ ಹೌದು. ಆದರೆ ಅದನ್ನು ನೋಡಿಕೊಳ್ಳುವ ಕೈಗಳು ಕಲ್ಲಿನಷ್ಟು ಬಾಳುವುದಿಲ್ಲ.

ಚಾಮರಾಜನಗರದ ಕಥೆಯೂ ಇದೇ ಜಾತಿಯದು. ಅದಕ್ಕೆ ಹಿಂದೆ ಅರಿಕುಠಾರವೆಂದು ಹೆಸರಿದ್ದಿತು. ಖಾಸಾ ಚಾಮರಾಜ ಒಡೆಯರು ೧೭೭೪ರಲ್ಲಿ ಹುಟ್ಟಿದುದು ಅಲ್ಲಿ. ಹೈದರನ ಕಾಲದಲ್ಲಿ, ೧೭೭೬ರಲ್ಲಿ, ಅವರು ಎಳೆಯ ಮಗುವಾಗಿರುವಾಗಲೇ ಮೈಸೂರಿನ ಗದ್ದುಗೆಗೆ ಆರಿಸಲ್ಪಟ್ಟರು. ಅಧಿಕಾರವೆಂಬುದನ್ನು ಕಾಣದೆಯೇ ೧೭೯೬ರಲ್ಲಿ ತೀರಿಕೊಂಡರು. ಆಗ ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಎರಡು ವರ್ಷ. ತಂದೆಯ ಮುಖ ಆ ಮಗುವಿನ ನೆನಪಿನಲ್ಲಿ ನಿಂತಿರಲಾರದು. ದೊಡ್ಡವರಾದ ಮೇಲೆ ಅವರು ೧೮೧೮ರಲ್ಲಿ ಅರಿಕುಠಾರಕ್ಕೆ ತಂದೆಯ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದರು. ೧೮೨೬ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ತಂದೆ ಹುಟ್ಟಿದ ಸ್ಥಳದ ನೆನಪಿಗೆ ಜನನಮಂಟಪವೂ ಅದೇ ಊರಿನಲ್ಲಿದೆ. ನೆನಪಿನಲ್ಲಿ ಇಲ್ಲದ ತಂದೆಯನ್ನು ಊರಿನ ಹೆಸರಿನಲ್ಲಿ ಪಡೆಯಲು ಮಗನು ಮಾಡಿದ ಪ್ರಯತ್ನವೆಂದು ಇದನ್ನು ತಿಳಿದರೆ ತಪ್ಪಾಗದು. ೧೯೯೭ರಿಂದ ಒಂದು ಜಿಲ್ಲೆಯೇ ಆ ಹೆಸರಿನಿಂದ ನಡೆಯುತ್ತಿದೆ. ಆದರೆ ಆ ತಂದೆ ಎಂತಹವನಾಗಿದ್ದನು, ಏನನ್ನು ಪ್ರೀತಿಸಿದನು, ಏನನ್ನು ಕಂಡು ಅಂಜಿದನು ಎಂಬುದನ್ನು ಗುಡಿಯೂ ಹೇಳದು, ಊರಿನ ಹೆಸರೂ ಹೇಳದು.

ಎರಡನೆಯದು ಬರೆಯಿಸಿದ ವಂಶಾವಳಿ. ಚಿಕ್ಕದೇವರಾಜರ ಮಂತ್ರಿ ತಿರುಮಲಾರ್ಯರು ಅವರ ಬಾಲ್ಯದ ಒಡನಾಡಿಯೂ ಆಗಿದ್ದರು. ಅವರು ಬರೆದ ಚಿಕದೇವರಾಜ ವಂಶಾವಳಿ ಕನ್ನಡ ಗದ್ಯದಲ್ಲಿ ಹೆಸರಾದ ಗ್ರಂಥ. ಅರಸನ ಹಿರಿಯರನ್ನು ಕುರಿತು ಪ್ರೌಢವಾದ ಶೈಲಿಯಲ್ಲಿ ಬರೆದ ಈ ಗ್ರಂಥದ ಸಾಹಿತ್ಯಗುಣವನ್ನು ಪಂಡಿತರು ಬಹಳವಾಗಿ ಮೆಚ್ಚಿದ್ದಾರೆ. ಆದರೂ ವಂಶಾವಳಿಗಳೆಂಬುವು ಸಾಮಾನ್ಯವಾಗಿ ಎರಡು ತೊಡಕುಗಳನ್ನು ಬಿಟ್ಟುಹೋಗುತ್ತವೆ. ಈ ಮನೆತನದ ವಿಷಯದಲ್ಲಿ ಅವೆರಡೂ ಎದ್ದು ಕಾಣುತ್ತವೆ.

ಮೊದಲನೆಯದು ಹೆಸರಿನ ತೊಡಕು. ಮುಪ್ಪಿನ ದೇವರಾಜ ಒಡೆಯರಿಗೆ ನಾಲ್ವರು ಮಕ್ಕಳು. ಹಿರಿಯನು ದೊಡ್ಡದೇವರಾಜ, ಇವನೇ ಚಿಕ್ಕದೇವರಾಜರ ತಂದೆ. ಇವನ ತಮ್ಮ ಕೆಂಪದೇವಯ್ಯನು ೧೬೫೯ರಿಂದ ೧೬೭೩ರವರೆಗೆ ದೇವರಾಜ ಒಡೆಯರೆಂಬ ಹೆಸರಿನಿಂದ ರಾಜ್ಯವಾಳಿದನು. ತಾತ ದೇವರಾಜ, ತಂದೆ ದೇವರಾಜ, ಚಿಕ್ಕಪ್ಪ ದೇವರಾಜ, ಮಗ ದೇವರಾಜ! ಹಿಂದಿನ ಚರಿತ್ರೆಯ ಪುಸ್ತಕಗಳಲ್ಲಿ ಆಳಿದ ಚಿಕ್ಕಪ್ಪನನ್ನೇ ದೊಡ್ಡದೇವರಾಜನೆಂದು ಬರೆದುಬಿಟ್ಟರು. ಶಾಸನಗಳನ್ನೂ ಗ್ರಂಥಗಳನ್ನೂ ಒಂದಕ್ಕೊಂದು ಹೋಲಿಸಿ ಅಣ್ಣನಾರು ತಮ್ಮನಾರೆಂಬುದನ್ನು ಬಿಡಿಸಿ ಹೇಳಲು ಇಪ್ಪತ್ತನೆಯ ಶತಮಾನದ ವಿದ್ವಾಂಸರೇ ಬೇಕಾಯಿತು. ತಾಮ್ರಶಾಸನ, ಶಿಲಾಶಾಸನ, ಆಸ್ಥಾನಪಂಡಿತರು ಎಲ್ಲರೂ ಇದ್ದ ಅರಸು ಮನೆತನದ ಗತಿಯೇ ಹೀಗಾದರೆ, ತಾತನ ಹೆಸರನ್ನು ಮೊಮ್ಮಗನಿಗಿಡುವ ಸಾಮಾನ್ಯ ಮನೆಗಳಲ್ಲಿ ಎರಡು ತಲೆಗಳ ಇಬ್ಬರು ರಾಮಯ್ಯಂದಿರು ಕೂಡಿ ಒಬ್ಬ ರಾಮಯ್ಯನಾಗಿ ಹೋಗುವುದರಲ್ಲಿ ಆಶ್ಚರ್ಯವೇನು?

ಎರಡನೆಯದು ಮೌನದ ತೊಡಕು. ಗುಂಡ್ಲುಪೇಟೆಗೆ ದಕ್ಷಿಣದಲ್ಲಿ, ಬಂಡೀಪುರದ ಕಾಡಿನ ದಾರಿಯಲ್ಲಿ, ಹಂಗಳವೆಂಬ ಊರಿದೆ. ಚಿಕ್ಕದೇವರಾಜರನ್ನು ಪಟ್ಟಕ್ಕೆ ಬರುವ ಮುನ್ನ ಇಲ್ಲಿ ಕಾವಲಿನಲ್ಲಿಟ್ಟಿದ್ದರೆಂದು ಪ್ರತೀತಿ. ಆ ದುರ್ದಿನಗಳಲ್ಲಿ ಅವರ ಜೊತೆಗಿದ್ದವನು ಯಳಂದೂರಿನ ಜೈನ ಪಂಡಿತನಾದ ವಿಶಾಲಾಕ್ಷ. ರಾಜಪುತ್ರನು ಅರಸನಾದರೆ ತನಗೆ ಮಂತ್ರಿಪದವಿಯೆಂದು ಇಬ್ಬರಿಗೂ ಮಾತಾಗಿತ್ತೆಂದು ಹೇಳುತ್ತಾರೆ. ಅರಸನು ಆ ಮಾತನ್ನು ನಡೆಯಿಸಿಕೊಟ್ಟನು. ಆದರೆ ೧೬೮೬ರಲ್ಲಿ ವಿಶಾಲಾಕ್ಷ ಪಂಡಿತನು ಕೊಲೆಯಾದನು. ಆ ಸ್ಥಾನಕ್ಕೆ ಬಂದವರು ತಿರುಮಲಾರ್ಯರು. ಆಸ್ಥಾನದ ಗ್ರಂಥಕಾರನೇ ಮಂತ್ರಿಯೂ ಆಗಿರುವಾಗ, ರಾಜ್ಯದಲ್ಲಿ ನಡೆದ ಅಪ್ರಿಯವಾದ ಸಂಗತಿಗಳು ಅವನ ಗ್ರಂಥದಲ್ಲಿ ಎಷ್ಟರಮಟ್ಟಿಗೆ ಕಾಣಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಆ ಕೊಲೆಗೆ ಹಿನ್ನೆಲೆಯಾಗಿ ಒಂದು ಕಥೆಯಿದೆ. ಹೊಸ ತೆರಿಗೆಗಳ ಭಾರವನ್ನು ತಾಳಲಾರದೆ ರೈತರು ಬೇಸಾಯವನ್ನು ನಿಲ್ಲಿಸಿದರೆಂದೂ, ಊರ ಬಾಗಿಲಿನ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರೆಂದೂ, ಅವರಿಗೆ ಬೆಂಬಲವಾಗಿದ್ದ ಜಂಗಮರನ್ನು ಅರಸನು ನಂಜನಗೂಡಿಗೆ ಬರಮಾಡಿಕೊಂಡು ಕೊಲ್ಲಿಸಿದನೆಂದೂ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿಯು ತನ್ನ ಮೈಸೂರಿನ ಚರಿತ್ರೆಯಲ್ಲಿ ಬರೆದನು. ಆ ಗ್ರಂಥದ ಮೊದಲ ಸಂಪುಟ ಅಚ್ಚಾದುದು ೧೮೧೦ರಲ್ಲಿ. ಎಂದರೆ ಸಂಗತಿ ನಡೆಯಿತೆನ್ನುವ ಕಾಲಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಮೇಲೆ. ಸಮಕಾಲೀನವಾದ ಆಧಾರವಿಲ್ಲವೆಂದು ಈ ಕಥೆಯನ್ನು ಶಂಕಿಸಿದವರಿದ್ದಾರೆ. ಜನರ ನಾಲಗೆಯ ಮೇಲೆ ಇಷ್ಟು ಕಾಲ ಉಳಿದುದು ಸುಮ್ಮನೆ ಉಳಿದೀತೆ ಎಂದವರೂ ಇದ್ದಾರೆ. ಈ ವಿವಾದವನ್ನು ತೀರಿಸುವುದಕ್ಕೆ ಬೇಕಾಗಿದ್ದುದು ದೊಡ್ಡ ಗ್ರಂಥವಲ್ಲ. ನಂಜನಗೂಡಿನ ಒಬ್ಬ ವರ್ತಕನೋ, ತೆರಕಣಾಂಬಿಯ ಒಬ್ಬ ಶಾನುಭೋಗನೋ ಆ ವಾರದಲ್ಲಿ ತಾನು ಕಂಡದ್ದನ್ನು ತನ್ನ ಲೆಕ್ಕದ ಕಡತದ ಅಂಚಿನಲ್ಲಿ ನಾಲ್ಕು ಸಾಲು ಬರೆದಿದ್ದರೆ ಸಾಕಾಗಿತ್ತು. ಒಂದು ಮನೆಯ ನಾಲ್ಕು ಸಾಲು ಒಂದು ನಾಡಿನ ಚರಿತ್ರೆಗೆ ಸಾಕ್ಷಿಯಾಗಬಲ್ಲದು.

ಇಂತಹ ಸಾಕ್ಷಿಯಾಗಲು ಯತ್ನಿಸಿದ ಒಬ್ಬ ಮಹನೀಯನು ಇದೇ ಸೀಮೆಯಲ್ಲಿ ಇದ್ದನು. ಚಾಮರಾಜನಗರದ ತಾಲ್ಲೂಕಿಗೆ ಸೇರಿದ ಮಲೆಯೂರಿನ ಬಳಿ ಕನಕಗಿರಿಯೆಂಬ ಜೈನಕ್ಷೇತ್ರವಿದೆ. ಅಲ್ಲಿಯ ದೇವಚಂದ್ರನು ಅರಸನಲ್ಲ, ಮಂತ್ರಿಯಲ್ಲ. ಓದು ಬರಹಗಳನ್ನು ಮನೆತನದ ವೃತ್ತಿಯಾಗಿ ಪಡೆದವನು. ಭೂಮಿಯ ಅಳತೆಗಾಗಿ ಮೈಸೂರಿನಲ್ಲಿ ಸಂಚರಿಸುತ್ತಿದ್ದ ಮೆಕೆಂಜಿಯು ೧೮೦೪ರಲ್ಲಿ ಕನಕಗಿರಿಗೆ ಬಂದು ಸ್ಥಳದ ಪೂರ್ವವೃತ್ತಾಂತವನ್ನು ವಿಚಾರಿಸಿದಾಗ ಅವನಿಗೆ ದೊರೆತವನು ದೇವಚಂದ್ರ. ಕೇಳುವವರಿದ್ದಾರೆಂದು ತಿಳಿದೊಡನೆ ಹೇಳುವವನ ಉತ್ಸಾಹವೂ ಹೆಚ್ಚಿತು. ಅಂದಿನಿಂದ ಕೂಡಿಸುತ್ತ ಬಂದ ಕಥೆಗಳನ್ನು ಅವನು ರಾಜಾವಳೀಕಥೆಯೆಂಬ ದೊಡ್ಡ ಗದ್ಯಗ್ರಂಥವಾಗಿ ೧೮೩೮ರಲ್ಲಿ, ಮೈಸೂರು ಅರಮನೆಯ ದೇವೀರಮ್ಮಣ್ಣಿಯವರಿಗಾಗಿ, ಮುಗಿಸಿದನು. ಒಂದು ಪ್ರಶ್ನೆಗೂ ಅದರ ಪೂರ್ಣವಾದ ಉತ್ತರಕ್ಕೂ ನಡುವೆ ಮೂವತ್ತನಾಲ್ಕು ವರ್ಷಗಳು! ಚಿಕ್ಕದೇವರಾಜರ ಕಾಲದ ಅಪ್ರಿಯವಾದ ಸಂಗತಿಗಳಿಗೂ ಈ ಗ್ರಂಥದಲ್ಲಿ ಎಡೆಯುಂಟು. ದೇವಚಂದ್ರನಿಗೂ ತನ್ನ ಮತದ ಅಭಿಮಾನವಿದ್ದಿತು. ಅವನು ಹೇಳಿದುದನ್ನೆಲ್ಲ ಹಾಗೆಯೇ ಒಪ್ಪುವವರಿಲ್ಲ. ಆದರೂ ಆಸ್ಥಾನವು ಬಿಟ್ಟುದನ್ನು ಹಳ್ಳಿಯ ಮನೆಯು ಹಿಡಿದಿಟ್ಟುಕೊಂಡಿತು ಎಂಬ ಮಾತು ಉಳಿಯುತ್ತದೆ. ಮೆಕೆಂಜಿಯು ಊರೂರಿನಿಂದ ಕೂಡಿಸಿದ ಇತರ ಕೈಫಿಯತ್ತುಗಳೂ ಇಂಥವರ ಬರಹಗಳೇ.

ಮೂರನೆಯದು ಬಾಯಿಯ ಚರಿತ್ರೆ. ಕನ್ನಡನಾಡಿನ ಹಳ್ಳಿಗಳಲ್ಲಿ ಹೆಳವರೆಂಬ ಒಂದು ಕುಲದವರು ಎತ್ತಿನ ಮೇಲೆ ಕುಳಿತು ಬರುತ್ತಿದ್ದರು. ಗಂಟೆಯ ಸದ್ದು ಕೇಳಿದೊಡನೆ ಒಕ್ಕಲಿನ ಮನೆಯವರು ಹೊರಗೆ ಬಂದು ನಿಲ್ಲುವರು. ಹೆಳವನು ಮೂಲಪುರುಷನಿಂದ ತೊಡಗಿ, ಯಾವ ಊರಿನಿಂದ ಯಾವ ಊರಿಗೆ ಬಂದರು, ಯಾರಿಗೆ ಎಷ್ಟು ಮಕ್ಕಳು, ಯಾವ ದೇವರಿಗೆ ಒಕ್ಕಲು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವನು. ಕಳೆದ ಸಲ ಬಂದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಸೇರಿಸಿಕೊಂಡು, ಧಾನ್ಯವನ್ನೋ ಕರುವನ್ನೋ ಪಡೆದು ಮುಂದಿನ ಮನೆಗೆ ನಡೆಯುವನು. ಅಕ್ಷರವನ್ನರಿಯದ ಮನೆಗಳಿಗೆ ಅರಸರಿಗಿದ್ದಷ್ಟು ಉದ್ದವಾದ ವಂಶಾವಳಿಯಿದ್ದಿತೆಂಬುದು ಈ ಹೆಳವರ ಉಪಕಾರ. ಈಚೆಗೆ ಹೆಳವರ ಮಕ್ಕಳು ಬೇರೆ ಬೇರೆ ವೃತ್ತಿಗಳಿಗೆ ಸೇರಿದ್ದಾರೆ. ಒಕ್ಕಲಿನ ಮಕ್ಕಳು ಪಟ್ಟಣಗಳಲ್ಲಿದ್ದಾರೆ. ಹೇಳುವವನು ಬಂದರೂ ಬಾಗಿಲಲ್ಲಿ ನಿಂತು ಕೇಳುವವರು ಕಡಮೆ. ಬಾಯಿಯ ಚರಿತ್ರೆಗೆ ಇರುವ ಅಪಾಯ ಇದೇ: ಒಂದು ತಲೆಯವರು ಕೇಳದೆ ಹೋದರೆ ಹತ್ತು ತಲೆಗಳ ಮಾತು ಅಲ್ಲಿಗೆ ನಿಂತುಹೋಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕುಲದ ನೆನಪನ್ನು ಕಾಡಿನ ಒಂದೊಂದು ಕಲ್ಲು ಮರ ತೊರೆಗಳ ಹೆಸರಿನಲ್ಲಿ ಕಟ್ಟಿಟ್ಟಿದ್ದಾರೆ. ಸ್ಥಳವನ್ನು ಬಿಟ್ಟು ಬಂದವರ ಮಕ್ಕಳಿಗೆ ಆ ಹೆಸರುಗಳು ಬರಿಯ ಶಬ್ದಗಳಾಗುತ್ತವೆ.

ಕಲ್ಲು, ಗ್ರಂಥ, ಬಾಯಿ ಈ ಮೂರರಲ್ಲಿಯೂ ಸಮಾನವಾಗಿರುವ ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. ಮೂರರಲ್ಲಿಯೂ ಹೆಂಗಸರ ಹೆಸರು ಅಪರೂಪ. ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳೇನೋ ಬರುತ್ತವೆ. ಆದರೆ ಗಂಡನ ಗೋತ್ರದೊಡನೆ ಬರುತ್ತವೆ. ಅವರು ಯಾವ ಊರಿನಿಂದ ಬಂದರು, ತವರಿನಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರು, ಮದುವೆಯಾದ ಮೇಲೆ ಹೆಸರನ್ನು ಬದಲಾಯಿಸಿದರೆ ಎಂಬುದು ಎಲ್ಲಿಯೂ ಇಲ್ಲ. ಚಿಕ್ಕದೇವರಾಜರ ಅರಮನೆಯಲ್ಲಿಯೇ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮನು ಯಳಂದೂರಿನವಳು. ಹದಿಬದೆಯ ಧರ್ಮವನ್ನು ಬರೆದಿದ್ದರಿಂದ ಅವಳ ಹೆಸರು ಉಳಿಯಿತು. ಅವಳ ಜೊತೆಯಲ್ಲಿ ಅದೇ ಅರಮನೆಯಲ್ಲಿ ಊಳಿಗ ಮಾಡಿದ ಮಿಕ್ಕ ಹೆಂಗಸರು ಯಾರೋ ಯಾರು ಬಲ್ಲರು? ಬಂಗಾಳದಲ್ಲಿ ಹತ್ತೊಂಬತ್ತನೆಯ ಶತಮಾನದ ಗೃಹಿಣಿ ರಾಸಸುಂದರೀ ದೇವಿಯು ಅಡಿಗೆಮನೆಯಲ್ಲಿ ಗುಟ್ಟಾಗಿ ಅಕ್ಷರವನ್ನು ಕಲಿತು ತನ್ನ ಬಾಳಿನ ಕಥೆಯನ್ನು ತಾನೇ ಬರೆದಳು. ಅಂದಿನ ಒಂದು ತುಂಬಿದ ಮನೆಯ ಒಳಗು ಹೇಗಿದ್ದಿತೆಂಬುದು ಅದರಿಂದ ತಿಳಿಯುವಷ್ಟು ಯಾವ ವಂಶಾವಳಿಯಿಂದಲೂ ತಿಳಿಯದು.

ಇನ್ನು ನಾಲ್ಕನೆಯ ಉಪಾಯ, ದಿನಚರಿ. ದಿನಚರಿಯೂ ವಂಶಾವಳಿಯೂ ಎರಡು ಬೇರೆ ವಸ್ತುಗಳು. ವಂಶಾವಳಿಯನ್ನು ಬರೆಯುವವನಿಗೆ ಕಥೆಯ ಕೊನೆ ಗೊತ್ತಿರುತ್ತದೆ. ಯಾರು ಗೆದ್ದರು, ಯಾರು ಸೋತರು ಎಂಬುದನ್ನು ತಿಳಿದು ಅವನು ಹಿಂದಕ್ಕೆ ನೋಡುತ್ತಾನೆ. ದಿನಚರಿಯನ್ನು ಬರೆಯುವವನಿಗೆ ನಾಳೆಯ ಸಂಗತಿ ಗೊತ್ತಿಲ್ಲ. ಆದುದರಿಂದ ಇಂದಿನದನ್ನು ತಿರುಚುವ ಪ್ರಲೋಭನವೂ ಕಡಮೆ. ಪುದುಚ್ಚೇರಿಯ ಆನಂದರಂಗಪಿಳ್ಳೆಯು ೧೭೩೬ರಿಂದ ೧೭೬೧ರವರೆಗೆ ತಮಿಳಿನಲ್ಲಿ ದಿನಚರಿಯನ್ನು ಬರೆದನು. ಅವನು ಫ್ರೆಂಚರ ದುಭಾಷಿ, ವರ್ತಕ. ಹಡಗು ಬಂದುದು, ಸರಕಿನ ಬೆಲೆ, ಮನೆಯ ಮದುವೆ, ಹಬ್ಬ, ಕಾಯಿಲೆ, ಗವರ್ನರನ ಕೋಪ ಎಲ್ಲವನ್ನೂ ಒಂದೇ ಕಡತದಲ್ಲಿ ಬರೆದಿಟ್ಟನು. ಅದು ೧೯೦೪ರಿಂದ ೧೯೨೮ರವರೆಗೆ ಹನ್ನೆರಡು ಸಂಪುಟಗಳಾಗಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ದಕ್ಷಿಣದೇಶದ ಆ ಕಾಲದ ಚರಿತ್ರೆಯನ್ನು ಬರೆಯುವವರು ಇಂದು ಅದನ್ನು ಬಿಟ್ಟು ಬರೆಯಲಾರರು.

ಕನ್ನಡನಾಡಿನಲ್ಲಿಯೂ ಬರೆದಿಡುವ ಸಾಮಗ್ರಿಗೆ ಕೊರತೆಯಿರಲಿಲ್ಲ. ಹುಣಿಸೆಯ ಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತ ಪ್ರತಿಯೊಬ್ಬ ಅಂಗಡಿಯವನಲ್ಲಿಯೂ ಶಾನುಭೋಗನಲ್ಲಿಯೂ ಇದ್ದಿತು. ಇಂತಹ ಹಳೆಯ ಕಾಗದ ಕಡತಗಳಿಗೆ ಏನು ಬೆಲೆಯೆಂಬುದಕ್ಕೆ ಶೃಂಗೇರಿಯ ನಿದರ್ಶನ ಸಾಕು. ೧೭೯೧ರಲ್ಲಿ ಮರಾಠರ ದಂಡು ಮಠವನ್ನು ಸೂರೆಮಾಡಿದ ಮೇಲೆ ಟಿಪ್ಪು ಸುಲ್ತಾನನು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಯಿಸಿದ ಕಾಗದಗಳು ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರಿಗೆ ದೊರೆತುವು. ನೂರಿಪ್ಪತ್ತೈದು ವರ್ಷ ಪೆಟ್ಟಿಗೆಯಲ್ಲಿದ್ದ ಕಾಗದಗಳು ಹೊರಗೆ ಬಂದೊಡನೆ ಚರಿತ್ರೆಯ ಒಂದು ಪುಟವನ್ನು ಬೇರೆಯಾಗಿ ಓದಬೇಕಾಯಿತು. ಮಠವು ಅವನ್ನು ಇಟ್ಟುಕೊಂಡಿದ್ದುದರಿಂದ ಇದು ಸಾಧ್ಯವಾಯಿತು. ಮನೆಗಳಲ್ಲಿ ಹಾಗೆ ಆಗುವುದಿಲ್ಲ. ಅಟ್ಟವನ್ನು ಗುಡಿಸುವಾಗ ಮೊದಲು ಹೊರಗೆ ಬೀಳುವುದು ಜಾತಕದ ಸುರುಳಿ, ಕಂದಾಯದ ರಸೀದಿ, ಮಗಳ ಮನೆಯಿಂದ ಬಂದ ಕಾಗದ. ಈಗಲಂತೂ ಕಾಗದ ಬರೆಯುವ ರೂಢಿಯೇ ತಪ್ಪಿದೆ. ದೂರವಾಣಿಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಮುಂದಿನವರಿಗೆ ಅಟ್ಟದಿಂದ ಎಸೆಯುವುದಕ್ಕಾದರೂ ಏನಾದರೂ ಉಳಿದೀತೆ ಎಂಬುದೇ ಸಂದೇಹ.

ಹಾಗಾದರೆ ಮನೆತನದ ಚರಿತ್ರೆಯನ್ನು ತಿಳಿಯಬಯಸುವವನು ಹೇಗೆ ತೊಡಗಬೇಕು? ಅವನು ಮೂಲಪುರುಷನನ್ನು ಹುಡುಕುತ್ತ ಹೊರಡಬಾರದು. ತನ್ನಿಂದ ಹಿಂದಕ್ಕೆ ಹೋಗಬೇಕು. ಒಂದು ಗಟ್ಟಿಯಾದ ಪುಸ್ತಕವನ್ನು ಹೊಲಿಸಿಟ್ಟುಕೊಂಡು, ಮನೆಯ ಹಿರಿಯರು ಮಾತನಾಡಿದ ದಿನವೇ, ನೆನಪು ಹಸಿಯಾಗಿರುವಾಗಲೇ, ಬರೆಯಬೇಕು. ಹೇಳಿದವರು ಯಾರು, ಅವರಿಗೆ ಎಷ್ಟು ವಯಸ್ಸು, ಅವರಿಗೆ ಅದನ್ನು ಹೇಳಿದವರು ಯಾರು ಎಂಬುದನ್ನು ಬಿಡಬಾರದು. ಇಲ್ಲಿ ತಾರ್ಕಿಕರ ಪ್ರಮಾಣವಿಚಾರ ಬಹಳ ಉಪಯೋಗಕ್ಕೆ ಬರುತ್ತದೆ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಕೇಳಿದ್ದು ಶಬ್ದ, ಎರಡನ್ನೂ ಕೂಡಿಸಿ ಊಹಿಸಿದ್ದು ಅನುಮಾನ. ಪುಸ್ತಕದ ಅಂಚಿನಲ್ಲಿ ಪ್ರ, ಶ, ಅ ಎಂದು ಒಂದೊಂದು ಅಕ್ಷರವನ್ನು ಗುರುತಿಟ್ಟರೆ ಸಾಕು, ಓದುವ ಮೊಮ್ಮಗನು ಯಾವ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ತಿಳಿಯುತ್ತಾನೆ. ಮೀಮಾಂಸಕರು ಅನುಪಲಬ್ಧಿಯೆಂಬುದನ್ನೂ ಒಂದು ಪ್ರಮಾಣವಾಗಿ ಎಣಿಸುತ್ತಾರೆ: ಇರಬೇಕಾದುದು ಕಾಣದಿರುವುದೂ ಒಂದು ಅರಿವು. ಒಂದು ಮನೆಯಲ್ಲಿ ಒಬ್ಬ ದೊಡ್ಡಪ್ಪನ ಹೆಸರನ್ನು ಯಾರೂ ಎತ್ತುವುದಿಲ್ಲವೆಂದರೆ, ಎತ್ತುವುದಿಲ್ಲವೆಂಬುದನ್ನೇ ಬರೆದಿಡಬೇಕು.

ಎರಡನೆಯ ಕಟ್ಟಳೆ ಕಾಲದ್ದು. ಹಿರಿಯರು ಇಸವಿಯನ್ನು ಹೇಳುವುದಿಲ್ಲ. ಸಂವತ್ಸರವನ್ನೋ ಒಂದು ದೊಡ್ಡ ಸಂಕಟವನ್ನೋ ಹೇಳುತ್ತಾರೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು ಸಂವತ್ಸರವೆಂದರೆ ೧೮೭೬ ಆಗಬಹುದು, ೧೯೩೬ ಆಗಬಹುದು, ೧೯೯೬ ಆಗಬಹುದು. ಶಾಸನಗಳನ್ನು ಬರೆದವರು ಸಂವತ್ಸರದ ಜೊತೆಗೆ ಶಕವರ್ಷವನ್ನು ಹೇಳುತ್ತಿದ್ದುದು ಈ ತೊಡಕನ್ನು ಬಲ್ಲವರಾಗಿದ್ದುದರಿಂದಲೇ. ಜಾತಕಗಳಲ್ಲಿ ಶಕವರ್ಷವಿದ್ದರೆ ಅದಕ್ಕೆ ಎಪ್ಪತ್ತೆಂಟನ್ನು ಕೂಡಿಸಿದಲ್ಲಿ ಇಸವಿ ದೊರೆಯುತ್ತದೆ. ವರ್ಷದ ಕಡೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಎಪ್ಪತ್ತೊಂಬತ್ತನ್ನು ಕೂಡಿಸಬೇಕು. ಸಂಕಟಗಳೂ ಮೈಲಿಗಲ್ಲುಗಳೇ. ಧಾತು ಈಶ್ವರದ ಬರವೆಂದು ಮುದುಕಿಯರು ಹೇಳುತ್ತಿದ್ದುದು ೧೮೭೬ರಿಂದ ೧೮೭೮ರವರೆಗಿನ ಕ್ಷಾಮ. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿದ್ದಿತು. ವಿಳಂಬಿಯಲ್ಲಿ, ಎಂದರೆ ೧೮೯೮ರಲ್ಲಿ, ಪ್ಲೇಗು ಬಂದು ಊರುಗಳು ಬಯಲಿಗೆ ಬಿದ್ದುವು. ಕಾಳಯುಕ್ತಿಯಲ್ಲಿ, ೧೯೧೮ರಲ್ಲಿ, ಇನ್‌ಫ್ಲುಯೆಂಜಾ ಜ್ವರ ಮನೆಮನೆಯನ್ನು ತೊಳೆದುಹೋಯಿತು. ಬರದ ವರ್ಷ ಮುತ್ತಜ್ಜಿ ಕಂಕುಳ ಕೂಸಾಗಿದ್ದಳೆಂಬ ಒಂದು ಮಾತು ಸಿಕ್ಕಿದರೆ ಅವಳ ಹುಟ್ಟನ್ನು ಎರಡು ಮೂರು ವರ್ಷಗಳ ಅಂತರದಲ್ಲಿ ನಿಲ್ಲಿಸಬಹುದು.

ಮೂರನೆಯದು ಹೆಸರಿನದು. ಮನೆತನದ ಹೆಸರಿನಲ್ಲಿಯೇ ಎಷ್ಟೋ ಚರಿತ್ರೆ ಅಡಗಿರುತ್ತದೆ. ಕನ್ನಡದ ಮಕ್ಕಳೆಲ್ಲರೂ ಬಲ್ಲ ನಾಯಿಮರಿಯ ಪದ್ಯವನ್ನು ಬರೆದ ಜಿ. ಪಿ. ರಾಜರತ್ನಂ ಅವರ ಹೆಸರಿನ ಮೊದಲ ಎರಡಕ್ಷರಗಳಿಗೆ ಗುಂಡ್ಲು ಪಂಡಿತ ಎಂದು ಅರ್ಥ. ೧೯೦೮ರಲ್ಲಿ ಹುಟ್ಟಿ ೧೯೭೯ರಲ್ಲಿ ತೀರಿಕೊಂಡ ಆ ಕವಿಯು ಬಾಳಿದುದು ಬೇರೆ ಊರುಗಳಲ್ಲಿ. ಗುಂಡ್ಲುಪೇಟೆ ಅವರೊಡನೆ ಎರಡಕ್ಷರವಾಗಿ ಹೋಯಿತು. ಪದ್ಯವನ್ನು ಬಲ್ಲವರು ಲಕ್ಷಾಂತರ. ಆ ಅಕ್ಷರಗಳ ಅರ್ಥವನ್ನು ಬಲ್ಲವರು ಎಷ್ಟು ಮಂದಿ? ಇಂದಿನ ಮಕ್ಕಳ ಹೆಸರಿನ ಮುಂದಿರುವ ಅಕ್ಷರಗಳ ಗತಿಯೂ ಹೀಗೆಯೇ. ಆದುದರಿಂದ ಪ್ರತಿಯೊಬ್ಬರ ಪೂರ್ಣನಾಮ, ಕರೆಯುವ ಹೆಸರು, ಹೆಣ್ಣುಮಕ್ಕಳಾದರೆ ತವರಿನ ಊರು ಮತ್ತು ತವರಿನ ಹೆಸರು ಇವನ್ನು ಮೊದಲು ಬರೆಯಬೇಕು. ಒಂದೇ ಹೆಸರಿನವರು ಇಬ್ಬರಿದ್ದರೆ ದೇವರಾಜರಿಗಾದ ಗತಿ ಅವರಿಗೆ ಆಗದಂತೆ ಸಂಖ್ಯೆಯನ್ನೋ ವಿಶೇಷಣವನ್ನೋ ಸೇರಿಸಬೇಕು.

ಕಡೆಯದು ಎಲ್ಲಕ್ಕಿಂತ ಕಷ್ಟವಾದುದು. ಮನೆತನದ ಪುಸ್ತಕವನ್ನು ಹಿಡಿದ ಕೂಡಲೇ ಪ್ರತಿಯೊಬ್ಬ ಗೃಹಸ್ಥನೂ ಸ್ವಲ್ಪಮಟ್ಟಿಗೆ ಆಸ್ಥಾನಪಂಡಿತನಾಗಿಬಿಡುತ್ತಾನೆ. ತಾತನು ಕಟ್ಟಿಸಿದ ಕಟ್ಟೆಯನ್ನು ಬರೆಯುತ್ತಾನೆ. ಅದಕ್ಕಾಗಿ ಯ��ರ ಭೂಮಿ ಅಡವಾಯಿತೆಂಬುದನ್ನು ಬರೆಯುವುದಿಲ್ಲ. ದತ್ತು ಬಂದವನನ್ನು ಔರಸನೆಂದು ಬರೆಯುತ್ತಾನೆ. ಮುಂಡನವಾದ ಬಾಲವಿಧವೆಯನ್ನು, ಮನೆಬಿಟ್ಟು ಹೋದ ಮಗನನ್ನು, ಮೂರು ತಲೆ ಅದೇ ಹೊಲವನ್ನು ಉತ್ತು ಕಾಳು ತಂದುಹಾಕಿದ ಆಳಿನ ಮನೆಯವರನ್ನು ಬಿಡುತ್ತಾನೆ. ಹೀಗೆ ಬರೆದ ಚರಿತ್ರೆ ಓದುವುದಕ್ಕೆ ಹಿತವಾಗಿರುತ್ತದೆ. ಆದರೆ ಅದನ್ನು ಓದಿದ ಮೊಮ್ಮಗನು ತನ್ನ ಕಷ್ಟದ ದಿನದಲ್ಲಿ, ಇಂತಹ ಹಿರಿಯರ ವಂಶದಲ್ಲಿ ತಾನೊಬ್ಬನೇ ಸೋತವನೆಂದು ಕುಗ್ಗುತ್ತಾನೆ. ಸಾಲ ಮಾಡಿದ ತಾತನೂ, ಸಾಲವನ್ನು ತೀರಿಸಲು ತಾಳಿಯ ಗುಂಡನ್ನು ಮಾರಿದ ಅಜ್ಜಿಯೂ ಪುಸ್ತಕದಲ್ಲಿದ್ದರೆ ಅವನಿಗೆ ಧೈರ್ಯ ಬರುತ್ತದೆ. ಬದುಕಿರುವವರ ಮಾನಕ್ಕೆ ಕುಂದು ತರುವ ಮಾತನ್ನು ಬರೆಯುವಾಗ ಎಚ್ಚರವಿರಬೇಕೆಂಬುದು ನಿಜ. ಅಂತಹ ಹಾಳೆಗಳನ್ನು ಬೇರೆಯಾಗಿ ಕಟ್ಟಿ, ಇಂತಿಷ್ಟು ವರ್ಷಗಳ ಮೇಲೆ ತೆರೆಯಬೇಕೆಂದು ಬರೆದಿಡಬಹುದು. ಸುಳ್ಳನ್ನು ಬರೆಯುವುದಕ್ಕಿಂತ ತಡವಾಗಿ ತೆರೆಯುವುದು ಲೇಸು.

ಪರವಾಸುದೇವರ ಗುಡಿಯನ್ನು ಕಟ್ಟಿಸುವ ಶಕ್ತಿ ಎಲ್ಲರಿಗೂ ಇಲ್ಲ. ಅದರ ಅವಶ್ಯಕತೆಯೂ ಇಲ್ಲ. ದೇವಚಂದ್ರನ ಪಾಂಡಿತ್ಯವೂ ಬೇಡ. ಬೇಕಾದುದು ಒಂದು ಪುಸ್ತಕ, ದಿನಕ್ಕೆ ಅರ್ಧಗಳಿಗೆಯ ಬಿಡುವು, ಮತ್ತು ಹಿರಿಯರ ಬಳಿ ಕುಳಿತು ಕೇಳುವ ತಾಳ್ಮೆ. ಇವುಗಳಲ್ಲಿ ಮೊದಲಿನ ಎರಡು ಯಾವಾಗಲಾದರೂ ದೊರೆಯಬಹುದು. ಮೂರನೆಯದಕ್ಕೆ ಮಾತ್ರ ಹೇಳುವವರು ಬದುಕಿರಬೇಕು. ಎಂಬತ್ತು ದಾಟಿದ ಒಬ್ಬ ಅಜ್ಜಿ ಯಾವ ಮನೆಯಲ್ಲಿದ್ದಾಳೋ ಆ ಮನೆಯವರು ಈ ಕಾರ್ಯಕ್ಕೆ ಮುಹೂರ್ತವನ್ನು ನೋಡಬೇಕಾದುದಿಲ್ಲ; ಇಂದಿನ ಸಂಜೆಯೇ ಸುಮುಹೂರ್ತ.